ತೋಳಿಗೆ ಅಂಟಿದ ಹಸಿರು

ಬ್ಯಾಂಕಾಕ್, ಶುಕ್ರವಾರ

ಫ್ರೆ ಊರಿನ ನನ್ನ ನೇಯುವ ಅಜ್ಜಿಗೆ,

ನಾನು ಲ್ಯಾಬಿನಲ್ಲಿ ಉಳಿಯುವುದು ಈಗ ನಿನ್ನ ಸೂಜಿಯ ಮೇಲಿದೆ. ಇಲ್ಲಿ ಹುಲ್ಲು ತಿನ್ನುವ ಬ್ಯಾಕ್ಟೀರಿಯಾದ ಒಂದು ಪ್ರೋಟೀನ್ ಇದೆ. ಗಿಡದ ಜೀವಕೋಶದ ಗೋಡೆಯಲ್ಲಿರುವ ಸೆಲ್ಯುಲೋಸ್ ನಾರನ್ನು ಅದು ಗುರುತು ಹಿಡಿದು ಅಂಟಿಕೊಳ್ಳುತ್ತದೆ. ಅದಕ್ಕೆ ಹೊಳೆಯುವ ಇನ್ನೊಂದು ಪ್ರೋಟೀನನ್ನು ಜೋಡಿಸಿದ್ದಾರೆ, ನೀಲಿ ದೀಪ ಹಿಡಿದರೆ ಹಸಿರಾಗಿ ಹೊಳೆಯುತ್ತದೆ. ಲ್ಯಾಬಿನಲ್ಲಿ ನನಗಿಂತ ಹಿರಿಯಳಾದ ಕ್ವಾಂಗ್ ಅಕ್ಕ ಎರಡು ವಾರ ಕೂತು ಮಾಡಿದ್ದನ್ನೆಲ್ಲ ನಿನ್ನೆ ನಾನು, ನೀನು ನೇಯ್ದು ಹೊಲಿದ ಹತ್ತಿ ಯೂನಿಫಾರ್ಮ್ ತೋಳಿನ ಮೇಲೆ ಚೆಲ್ಲಿಕೊಂಡೆ. ಮೂರು ಸಲ ತೊಳೆದರೂ ಹೋಗಲಿಲ್ಲ.

“ಅಯ್ಯೋ ಬುವಾ, ನನ್ನ ಎರಡು ವಾರಾನ ತೋಳಿಗೆ ಹಾಕ್ಕೊಂಡು ಮೆರೀತಿದೀಯಲ್ಲೇ!” ಅಂದಳು ಅಕ್ಕ.

ಲ್ಯಾಬ್ ನೋಡಿಕೊಳ್ಳುವ ಪ್ರಸೆತ್ ಮೇಷ್ಟ್ರು ಬಂದಾಗ ನಾನು ಅಳುವುದಕ್ಕೆ ರೆಡಿ. ಅವರು, “ಹತ್ತಿನೂ ಸೆಲ್ಯುಲೋಸೇ ತಾನೆ? ನಂದೂ ಅಪ್ಪಟ ಹತ್ತಿ, ಅಂಗಡಿಯವನು ಆಣೆ ಮಾಡಿ ಕೊಟ್ಟಿದಾನೆ,” ಅಂತ ತಮ್ಮ ದುಬಾರಿ ಅಂಗಿಗೂ ಒಂದು ತೊಟ್ಟು ಹಾಕಿಸಿಕೊಂಡು ತೊಳೆದರು. ದೀಪ ಹಿಡಿದರೆ ಒಂದು ಚುಕ್ಕೆಯೂ ಹೊಳೆಯಲಿಲ್ಲ.

“ಮೇಷ್ಟ್ರೇ, ನಿಮ್ಮದು ಬರೀ ಪ್ಲಾಸ್ಟಿಕ್ಕು,” ಅಂದಳು ಅಕ್ಕ. ನಾನು ನಗಲಿಲ್ಲ, ಪರೀಕ್ಷೆ ಇದೆಯಲ್ಲ.

“ನಿಮ್ಮಜ್ಜಿ ನಂಗೊಂದು ಅಂಗಿ ಹೊಲಿದು ಕೊಟ್ರೆ ನೀನು ಇಲ್ಲೇ ಇರು,” ಅಂದರು ಮೇಷ್ಟ್ರು. ನನ್ನ ತೋಳನ್ನು ಕತ್ತರಿಸಿ ಸ್ಯಾಂಪಲ್ ಅಂತ ಫ್ರಿಜ್‌ನಲ್ಲಿ ಇಟ್ಟಿದ್ದಾರೆ.

ನೀನು ಕೇಳಿದ್ದ ನನ್ನ ಹೊಟ್ಟೆನೋವು ವಾಸಿ. ಮೇಷ್ಟ್ರ ಅಳತೆ: ಎದೆ ನಲವತ್ನಾಲ್ಕು. ಹೊಟ್ಟೆಯದು ಬರೆಯಬೇಡ ಅಂದಿದ್ದಾರೆ, ನೀನೇ ಧಾರಾಳವಾಗಿ ಬಟ್ಟೆ ಬಿಡು. ಮಾರ್ಕ್ಸ್ ಅವರ ಕೈಯಲ್ಲಿದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಒಂದೇ ತೋಳಿನ ಬುವಾ