ಬಾಲದ ಎಡಗಣ್ಣು

ಅಕ್ಟೋಬರ್ 8, ಬುಧವಾರ

ಚಾಮರಾಜಪೇಟೆಯ ಮನೆ ತಲುಪುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಇವತ್ತೂ ಅದೇ ರಗಳೆ. ಯುದ್ಧ ಹೆಲಿಕಾಪ್ಟರ್ ಸಂಜೆಬಿಸಿಲಿಗೆ ಬೆನ್ನು ಕೊಟ್ಟ ಕೂಡಲೇ ಬಾಲದ ಎಡಗಡೆಯ ಸೆನ್ಸರ್ ಕ್ಷಿಪಣಿ ಬಂತೆಂದು ಕಿರುಚುತ್ತದೆ. ಕ್ಷಿಪಣಿಯೂ ಇಲ್ಲ, ಕಾಗೆಯೂ ಇಲ್ಲ.

ಹಳೇ ಹೆಲಿಕಾಪ್ಟರಿಗೆ ಹೊಸ ಕಣ್ಣು ಕೊಡುವ ಈ ಕೆಲಸಕ್ಕೆ ಮೂರು ದೇಶ ಕೈ ಹಾಕಿವೆ: ನಾವು, ಫ್ರಾನ್ಸ್, ಇಟಲಿ. ನಾಲ್ಕು ಸೆನ್ಸರಿನಲ್ಲಿ ಮೂರು ಫ್ರಾನ್ಸಿನವು. ಒಂದು ನಮ್ಮದು — ನನ್ನ ತಂಡ ಆರು ವರ್ಷ ಕೂತು ಮಾಡಿದ್ದು. ಕಿರುಚುವುದು ಅದೊಂದೇ. ಹೋದ ತಿಂಗಳು ತೆಪ್ಪಗಿತ್ತು.

ಫ್ರೆಂಚ್ ತಂಡದ ಮುಖ್ಯಸ್ಥೆ ಕ್ಲೇರ್ ನಯವಾಗಿ ಹೇಳಿದಳು: ಮುಂದಿನ ವಾರದ ರಿವ್ಯೂ ಒಳಗೆ ಕಾರಣ ಸಿಗದಿದ್ದರೆ ನಾಲ್ಕೂ ಅವರವೇ. ನಯವಾಗಿ ಹೇಳಿದ್ದಕ್ಕೇ ಮೈ ಉರಿಯಿತು. ಬಿಡುವುದಿಲ್ಲ.

ಅಕ್ಟೋಬರ್ 9

ಸಾಫ್ಟ್‌ವೇರ್ ಸರಿ ಇದೆ. ವೈರಿಂಗ್ ಸರಿ ಇದೆ. ನಾನೇ ಸರಿ ಇಲ್ಲ.

ಅಕ್ಟೋಬರ್ 12, ಭಾನುವಾರ

ಗಂಡ ಚಿದಂಬರನ ಜೊತೆ ತರಗುಪೇಟೆಯ ನಮ್ಮ ಬೇಳೆ ಅಂಗಡಿಗೆ ಹೋಗಿದ್ದೆ. ಮಹಾಶಯರು ಕಾರು ಹಿಂದಕ್ಕೆ ತೆಗೆಯುತ್ತ ಕೈಗಾಡಿಗೆ ಗುದ್ದಿದರು.

"ಕ್ಯಾಮೆರಾ ಇದ್ಯಲ್ಲ, ನೋಡ್ಕೊಂಡು ತೆಗೀಬಾರ್ದಾ?"

"ಏನ್ ಕಾಣುತ್ತೆ ಅದ್ರಲ್ಲಿ? ಆಯುಧಪೂಜೆ ದಿನ ಅಮ್ಮ ಅದಕ್ಕೂ ವಿಭೂತಿ ಬಳಿದ್ರು. ಉಜ್ಜಿ ಒರೆಸ್ದೆ. ಅವತ್ತಿಂದ ಬಿಸ್ಲು ಬಿದ್ರೆ ಬರೀ ಬೆಳ್ಳಗೆ."

ಬೇಳೆ ಮೂಟೆಯ ಮೇಲೆ ಕೂತುಬಿಟ್ಟೆ. ನಮ್ಮ ಹ್ಯಾಂಗರಿನಲ್ಲೂ ಪೂಜೆ ಆಗಿತ್ತು. ಕಿರುಚಾಟ ಶುರುವಾದದ್ದು ಅದಾದ ಮೇಲೆ. ಅಜ್ಜಿ ಬೂದಿ ಹಾಕಿ ಪಾತ್ರೆ ಬೆಳಗುತ್ತಿದ್ದದ್ದನ್ನು ನೋಡಿ ಬೆಳೆದವಳು ನಾನು. ಗಾಜಿನ ಮೇಲಿನ ತೆಳು ಲೇಪ ಆ ಉಜ್ಜಾಟಕ್ಕೆ ಉಳಿಯುತ್ತದೆಯೇ? ನಾವೆಲ್ಲ ಕಂಪ್ಯೂಟರಿನೊಳಗೇ ಹುಡುಕುತ್ತಿದ್ದೆವು... ದಡ್ಡರು.

ಅಕ್ಟೋಬರ್ 13

ಭೂತಗನ್ನಡಿ ಹಿಡಿದು ನೋಡಿದೆ. ಇವೆ. ಕೂದಲೆಳೆಯಂಥ ಗೀರುಗಳು, ಗಾಜಿನ ತುಂಬ. ಬಿಸಿಲು ಅವುಗಳಿಗೆ ಬಿದ್ದು ಚೆದುರಿದರೆ ಸೆನ್ಸರಿಗೆ ಕ್ಷಿಪಣಿಯ ಬೆಂಕಿಯಂತೆ ಕಾಣುತ್ತದೆ.

ಹ್ಯಾಂಗರಿನ ಸೂಪರ್‌ವೈಸರ್ ವೀರಭದ್ರಯ್ಯನವರನ್ನು ಪಕ್ಕಕ್ಕೆ ಕರೆದು ಕೇಳಿದೆ. ಪ್ರತಿ ವರ್ಷ ಪೂಜೆ ಮಾಡುವವರು ಅವರೇ.

"ಹೌದಮ್ಮ, ನಾನೇ ಇಟ್ಟೆ. ಆಮೇಲೆ ಅಡ್ಡ ಬರುತ್ತೇನೋ ಅಂತ ಕರ್ಚೀಫಲ್ಲಿ ಚೆನ್ನಾಗಿ ಉಜ್ಜಿ ತೆಗೆದೆ."

"ಬೇರೆ ಮೂರಕ್ಕೆ?"

"ಇಡ್ಲಿಲ್ಲ. ಅವು ಅವ್ರದ್ದು. ಇದು ನಮ್ಮನೆ ಮಗು ಅಲ್ವಾ."

ಗಂಟಲವರೆಗೆ ಬಂದ ಸಿಟ್ಟು ಎಲ್ಲಿ ಹೋಯಿತೋ. ಡಿಸೆಂಬರಿನಲ್ಲಿ ನಿವೃತ್ತಿ ಅವರಿಗೆ.

ಮ್ಯಾನೇಜರ್ ವಸಂತ್‌ಗೆ ಹೇಳಿದೆ. "ಗಾಜು ಬದ್ಲಾಯ್ಸಿ ಸುಮ್ನಿದ್ಬಿಡು ಶಿವಾನಿ. ವಿಭೂತಿ ಅಂದ್ರೆ ನಗ್ತಾರೆ. ಆ ಮನುಷ್ಯನ ಮೇಲೂ ಎನ್‌ಕ್ವೈರಿ ಆಗುತ್ತೆ."

ಸುಮ್ಮನಿದ್ದರೆ ರಿಪೋರ್ಟಿನಲ್ಲಿ 'ಕಾರಣ ಗೊತ್ತಿಲ್ಲ' ಎಂದು ಉಳಿಯುತ್ತದೆ. ಕಾರಣವಿಲ್ಲದೆ ಕಿರುಚುವ ಸೆನ್ಸರನ್ನು ಯಾವ ಪೈಲಟ್ ನಂಬುತ್ತಾನೆ? ನಗುವವರು ನಗಲಿ. ಹೇಳುತ್ತೇನೆ.

ಅಕ್ಟೋಬರ್ 15 — ರಿವ್ಯೂ ಮುಗಿಸಿ

ಹೇಳಿದೆ. ಇಟಲಿಯವನೊಬ್ಬ ನಕ್ಕ. ಯಾರು ಮಾಡಿದ್ದು ಎಂದು ಕೇಳಿದರು. ನಾನು ಹೆಸರು ಹೇಳಲಿಲ್ಲ. ಬಾಗಿಲ ಬಳಿ ನಿಂತಿದ್ದ ವೀರಭದ್ರಯ್ಯನವರೇ "ನಾನು ಸರ್" ಎಂದರು. ಆಮೇಲೆ ಯಾರೂ ನಗಲಿಲ್ಲ.

ಕ್ಲೇರ್ ಮಾತ್ರ ಜಗ್ಗಲಿಲ್ಲ. ಗೀರು ಯಾವ ಗಾಜಿಗೂ ಬೀಳಬಹುದು, ತಮ್ಮ ಸೆನ್ಸರ್ ಆಗಿದ್ದರೆ ಅಷ್ಟಕ್ಕೆಲ್ಲ ಮೋಸಹೋಗುತ್ತಿರಲಿಲ್ಲ ಎಂದಳು.

"ಹಾಗಾದರೆ ನಿಮ್ಮದಕ್ಕೂ ಒಂದು ಸ್ಪೇರ್ ಗಾಜು ಹಾಕಿ ಹೀಗೇ ಉಜ್ಜೋಣ. ಒಟ್ಟಿಗೆ ಹಾರಿಸೋಣ. ನಿಮ್ಮದು ಸುಮ್ಮನಿದ್ದರೆ ನಮ್ಮದನ್ನು ನಾನೇ ಬಿಚ್ಚಿಕೊಡುತ್ತೇನೆ."

ವಸಂತ್ ಮೇಜಿನ ಕೆಳಗೆ ಕಾಲು ತುಳಿದ. ಕ್ಲೇರ್ ನನ್ನನ್ನೇ ನೋಡಿ, "ಶುಕ್ರವಾರ" ಎಂದಳು.

ಬಾಯಿ ತಪ್ಪಿ ಬಂದ ಮಾತಲ್ಲ.

ಅಕ್ಟೋಬರ್ 17, ಶುಕ್ರವಾರ — ಕಂಪನಿ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ, ಇರಲಿ. ಬಲಗಡೆಯ ಫ್ರೆಂಚ್ ಸೆನ್ಸರಿಗೆ ವೀರಭದ್ರಯ್ಯನವರೇ ವಿಭೂತಿ ಇಟ್ಟು ಉಜ್ಜಿದರು. ಮೊದಲು ಕೈ ಮುಗಿದರು.

"ಇದಕ್ಯಾಕೆ ಕೈ ಮುಗೀತೀರಿ?"

"ಹಾಳ್ಮಾಡೋಕ್ ಮುಂಚೆ ಕ್ಷಮೆ ಕೇಳ್ಬೇಕಲ್ಲಮ್ಮ."

ಹಾರಿತು. ಬಿಸಿಲು ಇಳಿದಿತ್ತು. ಪೈಲಟ್ ಬಾಲವನ್ನು ಪಶ್ಚಿಮಕ್ಕೆ ತಿರುಗಿಸಿದ. ರೇಡಿಯೋದಲ್ಲಿ: "ಅಲಾರ್ಮ್. ಲೆಫ್ಟ್ ರಿಯರ್." ನಮ್ಮದು. ಗೊತ್ತಿದ್ದದ್ದೇ. ಆಮೇಲೆ ಏನೂ ಇಲ್ಲ. ಏನೂ ಇಲ್ಲ. ಕ್ಲೇರ್ ಲ್ಯಾಪ್‌ಟಾಪ್ ಮಡಚಿದಳು.

ಇನ್ನೊಂದು ಸುತ್ತು ಎಂದೆ. ಬಿಸಿಲು ಎಡಕ್ಕಷ್ಟೇ ಬಿದ್ದಿದೆ, ಬಲಕ್ಕೂ ಬೀಳಲಿ ಎಂದೆ. ನಿಧಾನವಾಗಿ ತಿರುಗಿತು. ರೇಡಿಯೋ ಗೊರಗುಟ್ಟಿತು.

"ಅಲಾರ್ಮ್. ರೈಟ್ ರಿಯರ್."

ವೀರಭದ್ರಯ್ಯನವರು ಮತ್ತೆ ಕೈ ಮುಗಿದರು. ಕ್ಲೇರ್ ಲ್ಯಾಪ್‌ಟಾಪ್ ಮತ್ತೆ ತೆರೆದು ಪರದೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮದು ಇರಲಿ" ಎಂದಳು. ಅವಳ ಕೈ ಕುಲುಕಿ, ಎರಡೂ ಗಾಜು ಬದಲಾಯಿಸಲು ಹ್ಯಾಂಗರಿಗೆ ನಡೆದೆ.