ನೀವು ಹೊಡೆದುಹಾಕಿದ ಆ ಒಂದು ಸಾಲು

ಮಾನ್ಯ ಪರೀಕ್ಷಾ ಮುಖ್ಯಾಧಿಕಾರಿಗಳೇ,

ಎಂದೂ ನಿಲ್ಲದ ಪ್ರೋಗ್ರಾಂ ಬರೆದವರನ್ನೆಲ್ಲ ಪಾಸು ಮಾಡಿ, ನಿಲ್ಲುವ ಪ್ರೋಗ್ರಾಂ ಬರೆದ ನನ್ನನ್ನು ನಪಾಸು ಮಾಡಿದ್ದೀರಿ. ಈ ಘನಂದಾರಿ ಕೆಲಸಕ್ಕೆ ಮೊದಲು ನನ್ನ ನಮಸ್ಕಾರ.

ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಕಂಪ್ಯೂಟರ್ ಪಾಠವನ್ನೂ ಮಾಡಬೇಕು, ಸರ್ಟಿಫಿಕೇಟ್ ತರದಿದ್ದರೆ ರಜೆ ಮುಗಿದ ಮೇಲೆ ಬರಲೇಬೇಡಿ ಎಂದಿದ್ದಾರೆ ಆಡಳಿತ ಮಂಡಳಿಯವರು. ತಲೆ ನರೆತ ಮೇಲೆ ಕಲಿಯಲು ಕೂತೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಎಂಬುದು ಬಾಯಿಗೆ ಬಂತೇ ಹೊರತು ತಲೆಗೆ ಹತ್ತಲಿಲ್ಲ. ಒಂದು ಸಂಜೆ ಒಗೆದ ಬಟ್ಟೆಯ ರಾಶಿಯ ಮುಂದೆ ಯಜಮಾನರನ್ನು ಕೂರಿಸಿ, "ಮೇಲಿಂದು ತಗೊಂಡು ಮಡಚಿ. ರಾಶಿ ಮುಗಿಯೋವರೆಗೂ ಹೀಗೇ ಮಾಡಿ" ಎಂದೆ. ಪುಣ್ಯಾತ್ಮರು ಟವೆಲ್ ಮಡಚಿ ರಾಶಿಯ ಮೇಲೇ ಇಟ್ಟರು. ಮತ್ತೆ ಅದನ್ನೇ ಕೊಡವಿ ಮಡಚಿದರು. ಮತ್ತೆ ಅದನ್ನೇ!

"ರೀ, ಏನ್ರೀ ಇದು ಹುಡುಗಾಟ?"

"ಪಕ್ಕಕ್ಕಿಡಿ ಅಂತ ನೀನೆಲ್ಲಿ ಹೇಳ್ದೆ?"

ಆಗ ಅರ್ಥವಾಯಿತು. 'ಮುಂದಿನದಕ್ಕೆ ಹೋಗು' ಎಂಬ ಸಾಲಿಲ್ಲದಿದ್ದರೆ ಕೆಲಸ ಮುಗಿಯುವುದೇ ಇಲ್ಲ. ಅಷ್ಟು ಖುಷಿ ನನಗೆ ಇತ್ತೀಚೆಗೆ ಯಾವುದರಿಂದಲೂ ಆಗಿರಲಿಲ್ಲ.

ನಿಮ್ಮ ಪಠ್ಯಪುಸ್ತಕದಲ್ಲಿ, ಪುಟ ತಿರುಗುವಲ್ಲಿ, ಆ ಸಾಲೇ ಬಿಟ್ಟುಹೋಗಿದೆ. ಉಳಿದವರು ಹಾಗೇ ಉರು ಹೊಡೆದು ಬರೆದರು. ನಾನು ಸೇರಿಸಿದೆ. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, 'ಪುಸ್ತಕದಲ್ಲಿಲ್ಲ' ಎಂದು ಷರಾ ಬರೆದು, ಸೊನ್ನೆ ಸುತ್ತಿದ್ದೀರಿ. ಪ್ರೋಗ್ರಾಮನ್ನು ಓಡಿಸಿ ನೋಡಬಾರದಿತ್ತೇ? ಹೇಗೆ ನೋಡುತ್ತೀರಿ, ಪರೀಕ್ಷೆ ನಡೆದದ್ದು ಕಾಗದದ ಮೇಲೆ! ಕಂಪ್ಯೂಟರ್‌ಗಳು ಪಕ್ಕದಲ್ಲೇ ಹೊದಿಕೆ ಹೊದ್ದು ಮಲಗಿದ್ದವು.

ಮರುಮೌಲ್ಯಮಾಪನದ ಕಿಟಕಿಯಲ್ಲಿ ನಿಮ್ಮ ಗುಮಾಸ್ತರು ಪಾಪ, ಮುಚ್ಚುಮರೆಯಿಲ್ಲದೆ ಹೇಳಿದರು: "ಮೇಡಂ, ಸರೀನೋ ತಪ್ಪೋ ನಾವು ನೋಡಲ್ಲ. ಪುಸ್ತಕದ ಥರ ಇದ್ಯಾ ಅಂತ ಅಷ್ಟೇ ನೋಡೋದು." ಮನೆಯಲ್ಲಿ ಯಜಮಾನರದೂ ಅದೇ ರಾಗ: "ಅವರಿಗೆ ಬೇಕಾದ್ದು ಬರೆದು ಬರೋಕೆ ನಿನಗೇನು ಧಾಡಿ?" ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ಸ್ವಾಮಿ. ಸಿಟ್ಟು ಬರುತ್ತದೆ, ಭಯವೂ ಆಗುತ್ತದೆ. ಆಬ್ಜೆಕ್ಟ್ ಎಂದರೆ ತನ್ನ ಗುಣಗಳನ್ನೂ ತಾನು ಮಾಡುವ ಕೆಲಸಗಳನ್ನೂ ಒಟ್ಟಿಗೆ ಇಟ್ಟುಕೊಂಡಿರುವಂಥದ್ದು ಎಂದು ನಿಮ್ಮ ಪುಸ್ತಕವೇ ಹೇಳುತ್ತದೆ. ನಿಮ್ಮ ಕಚೇರಿಯಲ್ಲಿ ಗುಣಗಳಿಗೇನೂ ಕೊರತೆಯಿಲ್ಲ, ಕೆಲಸವೊಂದೇ ಕಾಣಿಸುತ್ತಿಲ್ಲ.

ಅಂಕ ಭಿಕ್ಷೆ ಹಾಕಿ ಎಂದು ಕೇಳುತ್ತಿಲ್ಲ. ರಜೆ ಮುಗಿಯುವ ಮೊದಲು ನಮ್ಮ ತರಗತಿಗೆ ಬನ್ನಿ, ಮಕ್ಕಳನ್ನು ನಾನೇ ಕರೆಸುತ್ತೇನೆ. ಮಕ್ಕಳ ಎದುರು ನಿಮ್ಮ ಮಾದರಿ ಉತ್ತರವನ್ನು ನೀವೇ ಟೈಪ್ ಮಾಡಿ ಓಡಿಸಿ. ಅದು ತಾನಾಗಿ ನಿಂತರೆ ನಾನು ಸೀಮೆಸುಣ್ಣ ಕೆಳಗಿಟ್ಟು ಮನೆಗೆ ಹೋಗುತ್ತೇನೆ. ನಿಲ್ಲದಿದ್ದರೆ, ಪ್ಲಗ್ ಕೀಳಬೇಡಿ. ಸರಿ ಬರೆದ ಮೇಡಂ ಯಾಕೆ ನಪಾಸಾದರು ಎಂದು ಮಕ್ಕಳು ಕೇಳುತ್ತಾರೆ. ಉತ್ತರ ಹೇಳಿ ಹೋಗಿ.

ಇಂತಿ,
ಪುಸ್ತಕದಲ್ಲಿಲ್ಲದ್ದನ್ನು ಕಲಿತು ಕೆಟ್ಟ
ಗಣಿತದ ಮೇಡಂ