ಹೆಪ್ಪು ಹೊರಗೆ ಕೊಡುವ ಹೊತ್ತು

ಗೊರೇಬಾಳ
೧೨ ಡಿಸೆಂಬರ್ ೨೦೨೪

ಮಷಿನ್ ಮೇಲೆ ಕೂತಿರುವ ನನ್ನ ಅಣ್ಣ ಪಂಪಾಪತಿಗೆ,

ಭತ್ತದ ದೂಳಿಗೆ ನಿನ್ನ ಕೆಮ್ಮು ಹೇಗಿದೆ? ಮೂಗಿಗೆ ವಸ್ತ್ರ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಫೋನಿನಲ್ಲೇ ಕೇಳಬಹುದಿತ್ತು. ಆದರೆ ಕೊಯ್ಲಿನ ಮಷಿನ್ ಸದ್ದಿನಲ್ಲಿ ನಿನಗೆ ಅವ್ವನ ದನಿ ಮಾತ್ರ ಕೇಳುತ್ತದೆ, ನಾನು ಬಾಯಿ ತೆರೆದ ಕೂಡಲೇ ಕಟ್ ಮಾಡುತ್ತೀ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ನಿನ್ನ ಮಷಿನ್ನಿಗೆ ಬೆಲ್ಟ್ ತರುತ್ತಿರುವ ಹನುಮಂತುವಿನ ಕೈಯಲ್ಲೇ ಕಳಿಸುತ್ತಿದ್ದೇನೆ.

ನಿನ್ನ ಮಗಳು ಚೆನ್ನಾಗಿದ್ದಾಳೆ. ಮೂಗು ನಿನ್ನದೇ, ಪಾಪ. ಮಹೇಶ್ವರಿ ಅತ್ತಿಗೆಯೂ ಗಟ್ಟಿಯಾಗಿದ್ದಾಳೆ, ಜಗಳ ಶುರುವಾದದ್ದೇ ಅದರಿಂದ. ಸಿಂಧನೂರಿನ ದವಾಖಾನೆಗೆ ಬಂದಿದ್ದ ಶಾಹೀಸ್ತಾ ಡಾಕ್ಟರು, ಆರೋಗ್ಯವಂತ ತಾಯಂದಿರ ಎದೆಹಾಲಿನಲ್ಲಿ ಯಾವ್ಯಾವ ಬ್ಯಾಕ್ಟೀರಿಯಾ ಇರುತ್ತವೆಂದು ಅಧ್ಯಯನ ಮಾಡುತ್ತಿದ್ದಾರೆ. ಅತ್ತಿಗೆಯ ಹಾಲನ್ನೂ ಒಂದಿಷ್ಟು ಕೇಳಿದರು. ಅವ್ವನಿಗೆ ಬ್ಯಾಕ್ಟೀರಿಯಾ ಎಂದರೆ ರೋಗ. ಮನೆಗೆ ಬಂದವಳೇ ಕೂಸನ್ನು ಎದೆಯಿಂದ ಬಿಡಿಸಿ ನಿನಗೆ ಫೋನ್ ಮಾಡಿದಳು. ನೀನು ಹಿಂದೆಮುಂದೆ ಕೇಳದೆ "ಡಬ್ಬಿ ಹಾಲು ಹಾಕ್ರಿ" ಎಂದುಬಿಟ್ಟೆ. ಇಂಜಿನ್ನಿನ ಸದ್ದು ಚೂರು ಬದಲಾದರೂ ಇಳಿದು ನೋಡುವವನು ನೀನು. ಇಲ್ಲಿ ಅತ್ತಿಗೆಯ ಎದೆ ಕಲ್ಲಾಗಿ ಮೈ ಬಿಸಿಯಾಯಿತು, ಕೂಸು ಡಬ್ಬಿ ಹಾಲನ್ನು ಉಗುಳಿ ಅಳುತ್ತಿತ್ತು.

ಡಾಕ್ಟರು ಕೊಟ್ಟ ಕರಪತ್ರವನ್ನು ಅವ್ವನ ಮುಂದೆ ಓದಿದೆ. ಆ ಜೀವಿಗಳು ಹಗೆಗಳಲ್ಲ, ತಾಯಿಯಿಂದ ಕೂಸಿನ ಹೊಟ್ಟೆಗೆ ಹೋಗಿ ಕೂಸನ್ನು ಕಾಯುತ್ತವೆ ಎಂದೆ. "ನಿನ್ನ ಕರಪತ್ರ ಎಷ್ಟು ಹಡದೈತಿ ಬೇ?" ಎಂದಳು ಅವ್ವ.

ಅಷ್ಟರಲ್ಲಿ ದೀಪ ಹಚ್ಚಿಯಾಗಿತ್ತು. ಪಕ್ಕದ ಮನೆಯ ಗದ್ದೆಮ್ಮ ಮೊಸರಿಗೆ ಹೆಪ್ಪು ಕೇಳಲು ಬಂದಳು. "ದೀಪ ಹಚ್ಚಿದ ಮ್ಯಾಲೆ ಹೆಪ್ಪು ಹೊರಗ ಕೊಡಂಗಿಲ್ಲವ್ವಾ, ಮನಿ ಹಾಲು ಹೈನ ಹೋಗತೈತಿ" ಎಂದು ಅವ್ವ ಬರಿಗೈಯಲ್ಲಿ ಕಳಿಸಿದಳು. ನಾನು ಬಿಡಲಿಲ್ಲ. ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ, ಅವ್ವಾ, ಮುಕ್ಕುಂದದ ತವರಿನಿಂದ ತಂದು ಇಷ್ಟು ವರ್ಷ ನೀನು ಸಾಕಿದ್ದು ಅದನ್ನೇ, ನಮಗೆಲ್ಲ ಉಣಿಸಿದ್ದೂ ಅದನ್ನೇ ಎಂದೆ. ಅವ್ವ ಮೊಸರಿನ ಗಡಿಗೆಯನ್ನೇ ನೋಡುತ್ತ ನಿಂತಳು. ಆಮೇಲೆ ಕೂಸನ್ನು ಎತ್ತಿ ಅತ್ತಿಗೆಯ ಮಡಿಲಿಗೆ ಹಾಕಿದಳು. ಗೆದ್ದೆ ಎಂದುಕೊಂಡೆ. "ಹಂಗಾದ್ರ ಇದೂ ಮನಿ ಹೆಪ್ಪು" ಎಂದಳು ಅವ್ವ. "ಡಾಕ್ಟರಿಗೆ ಕೊಡಂಗಿಲ್ಲ."

ನೀನೂ ಅವಳ ಕಡೆಗೇ ನಿಲ್ಲುತ್ತೀ, ಗೊತ್ತು. ನಿಲ್ಲು. ಆದರೆ ನಮ್ಮಂಥವರ ಹಾಲನ್ನು ಯಾರೂ ಪರೀಕ್ಷಿಸದಿದ್ದರೆ, ನಮ್ಮ ಮಕ್ಕಳಿಗೆ ಯಾವುದು ಒಳ್ಳೆಯದೆಂದು ಡಬ್ಬಿ ಮಾರುವವರೇ ಹೇಳುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಜೊತೆ ಜಗಳವಾಡಲಿಕ್ಕಾದರೂ ಗಟ್ಟಿಯಾಗಿ ಮರಳಿ ಬಾ.

ನಿನ್ನ ಮಾತು ಕೇಳದ ತಂಗಿ,
ಅಮರೇಶ್ವರಿ

ತಾ.ಕ.: ಹನುಮಂತು ಗಾಡಿ ಶುರು ಮಾಡಿದ್ದಾನೆ. ಇದು ಅಪ್ಪಣೆ ಕೇಳುವ ಕಾಗದವಲ್ಲ. ಇವತ್ತು ಬೆಳಿಗ್ಗೆ ಅತ್ತಿಗೆ ಕಿವಿಗೆ ಸೆರಗು ಸುತ್ತಿಕೊಂಡು, ಕೂಸನ್ನೂ ಎತ್ತಿಕೊಂಡು ಆಟೋ ಹತ್ತಿ, ಸಿಂಧನೂರಿಗೆ ಹೋಗಿ ಹಾಲು ಕೊಟ್ಟು ಬಂದಳು. ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. "ಅತ್ತೀ, ದೀಪ ಹಚ್ಚಾಕ ಇನ್ನಾ ಬಾಳ ಹೊತ್ತೈತ್ರಿ" ಎಂದಳು ಅತ್ತಿಗೆ. ಅವ್ವ ಸರಿದು ದಾರಿ ಬಿಟ್ಟಳು. ನಿನಗೆ ಬರೆಯಲು ಅತ್ತಿಗೆ ಹೇಳಿದ್ದು ಇಷ್ಟೇ: "ಮತ್ತ ಕೇಳಿದ್ರ ಮತ್ತ ಕೊಡತೀನಿ. ಹಾಲು ನಂದು."